ಹವ್ಯಾಸಕ್ಕೆ ಅಂತ ಮನೆಯಲ್ಲೇ ಗಿಡಮೂಲಿಕೆ ಹಾಕಿ ಜಿನ್ ಬಟ್ಟಿ ಇಳಿಸಬಹುದಾ?

ಮೈಸೂರಿನಲ್ಲಿದ್ದೇನೆ, ಹಳೆಯ ಪ್ರೆಶರ್ ಕುಕ್ಕರಿಗೆ ಪೈಪ್ ಜೋಡಿಸಿದರೆ ಸಾಕಾ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಲೈಸೆನ್ಸ್ ಇಲ್ಲದೆ ಮದ್ಯ ಬಟ್ಟಿ ಇಳಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ. ಮನೆಮಟ್ಟಿಗೆ ಅಂದರೂ ಅಷ್ಟೇ.

ನಾನಿರುವುದು ನ್ಯೂಜಿಲೆಂಡಿನಲ್ಲಿ. ಇಲ್ಲಿ ಸ್ವಂತ ಬಳಕೆಗೆ ಬಟ್ಟಿ ಇಳಿಸಲು 1996ರಿಂದ ಅವಕಾಶವಿದೆ, ಮಾರುವಂತಿಲ್ಲ. ಹಾಗಾಗಿ ಈ ಹವ್ಯಾಸ ನನಗೆ ಹತ್ತಿದೆ.

ಇದರಲ್ಲಿ ಮದ್ಯ ತಯಾರಿಸುವ ಭಾಗ ನನಗೆ ಅಷ್ಟೇನೂ ರುಚಿಸುವುದಿಲ್ಲ. ನಿಜವಾದ ಖುಷಿ ಇರುವುದು ಸೊಪ್ಪು, ಬೀಜ, ಬೇರುಗಳಲ್ಲಿ. ಜಿನ್‌ಗೆ ಜುನಿಪರ್ ಎಂಬ ಸೂಜಿಎಲೆಯ ಗಿಡದ ಕಾಯಿ ಬೇಕೇ ಬೇಕು. ಅದರ ಜೊತೆ ನಮ್ಮ ಕೊತ್ತಂಬರಿ ಬೀಜ, ಏಂಜೆಲಿಕಾ ಎಂಬ ಘಮದ ಗಿಡದ ಬೇರು, ಕಿತ್ತಳೆ ಸಿಪ್ಪೆ. ಇವನ್ನೆಲ್ಲ ಮೊದಲೇ ಬಟ್ಟಿ ಇಳಿಸಿದ ಸ್ಪಿರಿಟ್‌ನಲ್ಲಿ ರಾತ್ರಿ ನೆನೆಹಾಕಿ ಮತ್ತೆ ಬಟ್ಟಿ ಇಳಿಸುತ್ತೇವೆ. ಎಲ್ಲ ವಾಸನೆಯೂ ಒಟ್ಟಿಗೆ ಬರುವುದಿಲ್ಲ. ಮೊದಲು ಕಿತ್ತಳೆಯ ಹಗುರ ಘಮ, ನಡುವೆ ಜುನಿಪರ್, ಆಮೇಲೆ ಬೇರಿನ ಮಣ್ಣುವಾಸನೆ. ಕೊನೆಕೊನೆಗೆ ಬೇಯಿಸಿದ ಸೊಪ್ಪಿನ ನಾತ. ಎಲ್ಲಿ ನಿಲ್ಲಿಸಬೇಕು ಅಂತ ಮೂಗೇ ಹೇಳಬೇಕು. ಕೊನೆಗೆ ನೀರು ಬೆರೆಸಿದಾಗ ಜಿನ್ ಬೆಳ್ಳಗೆ ಮಬ್ಬಾದರೆ ಎಣ್ಣೆಯಂಶ ಜಾಸ್ತಿ ಇಳಿದಿದೆ ಎಂದರ್ಥ.

ನನಗೆ ತುಂಬಾ ಇಷ್ಟವಾದದ್ದು ಇಲ್ಲಿನ ಕವಕವ ಎಲೆ. ಹೃದಯದ ಆಕಾರ, ಅಗಿದರೆ ಸಣ್ಣ ಖಾರ. ನಮ್ಮ ಕರಿಮೆಣಸು, ವೀಳ್ಯದೆಲೆಗಳ ಕುಲಕ್ಕೇ ಸೇರಿದ ಗಿಡ ಅದು. ಇಲ್ಲಿನ ಮೂಲನಿವಾಸಿಗಳಾದ ಮಾವೋರಿ ಜನ ಇದನ್ನು ಔಷಧಿಗೆ ಬಳಸುತ್ತಾರೆ, ಹುಳ ತಿಂದು ತೂತಾದ ಎಲೆಯನ್ನೇ ಆರಿಸಿ ಕೀಳುತ್ತಾರೆ.

ಅಪಾಯದ ಬಗ್ಗೆಯೂ ಕೇಳಿದ್ದೀರಿ. ಎಲ್ಲರೂ ವಿಷಕಾರಿ ಆಲ್ಕೋಹಾಲ್ ಆದ ಮೆಥನಾಲ್‌ಗೆ ಹೆದರುತ್ತಾರೆ. ಬರೀ ಸಕ್ಕರೆ ಹುದುಗಿಸಿದರೆ ಅದು ಹುಟ್ಟುವುದು ತೀರಾ ಕಡಿಮೆ. ಅದು ಬರುವುದು ಮುಖ್ಯವಾಗಿ ಜಾಮನ್ನು ಗಟ್ಟಿ ಮಾಡುವ ಹಣ್ಣಿನ ಅಂಶವಾದ ಪೆಕ್ಟಿನ್‌ನಿಂದ. 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡದ್ದು ಮೆಥನಾಲ್ ಕಲಬೆರಕೆಯ ಸಾರಾಯಿ. ಮನೆಯೊಳಗೆ ಬಟ್ಟಿ ಇಳಿಸುವವರಿಗೆ ದೊಡ್ಡ ಭಯ ಬೆಂಕಿಯದು. ಮದ್ಯದ ಆವಿ ಸೋರಿದರೆ ಗ್ಯಾಸ್ ಒಲೆಯ ಉರಿಗೆ ಭಗ್ಗನೆ ಹತ್ತಿಕೊಳ್ಳುತ್ತದೆ. ಕುಕ್ಕರಿನ ಪೈಪಿನಲ್ಲಿ ಸೊಪ್ಪು ಸಿಕ್ಕಿಕೊಂಡರೆ ಒಳಗೆ ಒತ್ತಡ ಏರುತ್ತದೆ. ಕುಕ್ಕರ್ ಬೇಡ ಅಂದದ್ದು ಇದಕ್ಕೂ ಸೇರಿಸಿಯೇ.

ಹಾಗಂತ ಆಸೆ ಬಿಡಬೇಡಿ. ಮದ್ಯವಿಲ್ಲದೆ ಬರೀ ನೀರಿನಲ್ಲಿ ಗಿಡಮೂಲಿಕೆ ಬಟ್ಟಿ ಇಳಿಸಿ. ಅಗಲವಾದ ಸ್ಟೀಲ್ ಪಾತ್ರೆಯಲ್ಲಿ ಮಜ್ಜಿಗೆ ಹುಲ್ಲು ಅಥವಾ ಲಾವಂಚದ ಬೇರು ಹಾಕಿ, ಮುಳುಗುವಷ್ಟು ನೀರು ಹೊಯ್ಯಿರಿ. ನಡುವೆ ಒಂದು ಸ್ಟ್ಯಾಂಡ್ ಇಟ್ಟು, ಅದರ ಮೇಲೆ ಖಾಲಿ ಬಟ್ಟಲು ಇಡಿ. ಮುಚ್ಚಳ ತಲೆಕೆಳಗಾಗಿ ಮುಚ್ಚಿ, ಮೇಲೆ ಐಸ್ ಹಾಕಿ, ಸಣ್ಣ ಉರಿಯಲ್ಲಿ ಕಾಯಿಸಿ. ಆವಿ ತಣ್ಣಗಾಗಿ ಹನಿಹನಿಯಾಗಿ ಬಟ್ಟಲಿಗೆ ಬೀಳುತ್ತದೆ. ಆ ಘಮದ ನೀರನ್ನು ಫ್ರಿಜ್‌ನಲ್ಲಿಟ್ಟು, ಬೇಗ ಬಳಸಿ. ನಿಂಬೆ ಪಾನಕಕ್ಕೆ ಒಂದು ಚಮಚ ಹಾಕಿ ನೋಡಿ!

ಜಿನ್ನಿನ ರುಚಿಯೇ ಬೇಕು ಅಂದರೆ ಅಂಗಡಿಯ ವೋಡ್ಕಾದಲ್ಲಿ ಜುನಿಪರ್ ಮತ್ತು ಕೊತ್ತಂಬರಿ ಬೀಜ ನೆನೆಹಾಕಿ, ದಿನವೂ ರುಚಿ ನೋಡುತ್ತಾ ಸಾಕೆನಿಸಿದಾಗ ಸೋಸಿ. ಏಲಕ್ಕಿ ಹಾಕಿದರೆ ಒಂದೇ ದಿನಕ್ಕೆ ತೆಗೆದುಬಿಡಿ, ಇಲ್ಲದಿದ್ದರೆ ಬೇರೆಲ್ಲವನ್ನೂ ಮುಚ್ಚಿಹಾಕುತ್ತದೆ. ಕಿತ್ತಳೆ ಸಿಪ್ಪೆ ಹಾಕುವುದಾದರೆ ಒಳಗಿನ ಬಿಳಿ ಭಾಗವನ್ನು ಪೂರ್ತಿ ಕೆರೆದು ತೆಗೆದುಬಿಡಿ, ಅದು ಕಹಿ.