ಗಾಲ್ವೇಗೆ ಬರುವ ಮುಂಚೆ ಹುಣ್ಣಿಮೆ ಯಾವಾಗ ಅಂತ ನೋಡಿ

ತಮ್ಮಾ, ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ದಾವಣಗೆರೆಯವರು, ಜನವರಿಯಲ್ಲಿ ಐರ್ಲೆಂಡಿನ ಪಶ್ಚಿಮ ಕರಾವಳಿಯ ಗಾಲ್ವೇಯಲ್ಲಿ ಕೆಲಸಕ್ಕೆ ಸೇರಬೇಕು, ಹೆಂಡತಿ ಮತ್ತು ಎರಡು ವರ್ಷದ ಮಗಳು ಜೊತೆಗೆ ಬರುತ್ತಾರೆ. ಅಲ್ಲಿನ ಕಡಲಬದಿಯ ಬಡಾವಣೆ ಸಾಲ್ಟ್‌ಹಿಲ್‌ನಲ್ಲಿ ಕಡಲಿಗೆ ಎದುರಾಗಿ ನೆಲಮಹಡಿಯ ಫ್ಲ್ಯಾಟ್ ಒಂದು ಸಿಗುವ ಹಾಗಿದೆ, ಬಾಡಿಗೆಯೂ ಉಳಿದವಕ್ಕಿಂತ ಕಡಿಮೆ. ಅಷ್ಟರಲ್ಲಿ ಯಾರೋ ಕಳಿಸಿದ ವಿಡಿಯೋದಲ್ಲಿ ಅದೇ ರಸ್ತೆಯ ಮೇಲೆ ಅಲೆ ಹಾರಿ ಬೀಳುವುದನ್ನು ನೋಡಿ ನಿಮ್ಮ ಮನೆಯವರು ಹೆದರಿದ್ದಾರೆ. "ಅಕ್ಕಾ, ಅಲ್ಲಿನ ಜನಕ್ಕೆ ಬಿರುಗಾಳಿ ಬರೋದು ಹೆಂಗೆ ಗೊತ್ತಾಗುತ್ತೆ, ಅವರು ಏನು ಮಾಡ್ತಾರೆ" ಅಂತ ಕೇಳಿದ್ದೀರಿ.

ಹೆದರಿಕೆಯಲ್ಲಿ ಅರ್ಥ ಇದೆ. ಆದರೆ ಯಾವುದಕ್ಕೆ ಹೆದರಬೇಕು ಅನ್ನುವುದನ್ನು ಕಲಿತರೆ ಈ ಊರಿನಲ್ಲಿ ನೆಮ್ಮದಿಯಾಗಿ ಬದುಕಬಹುದು. ಅದನ್ನು ಕಲಿಯಲು ನನಗೆ ಎರಡು ವರ್ಷ ಮತ್ತು ಒಂದು ಕಾರು ಬೇಕಾಯಿತು.

ನಾನು ಉಳ್ಳಾಲದವಳು. ಕಡಲ್ಕೊರೆತ ನಮಗೆ ಹೊಸದಲ್ಲ. ಮಳೆಗಾಲದಲ್ಲಿ ಅಲೆ ಬಂದು ತೆಂಗಿನ ಬುಡ ಕೆರೆದುಕೊಂಡು ಹೋಗುವುದು, ಲಾರಿಯಲ್ಲಿ ಕಲ್ಲು ತಂದು ಸುರಿಯುವುದು, ಮರುವರ್ಷ ಆ ಕಲ್ಲೂ ಕಾಣೆಯಾಗುವುದು ಎಲ್ಲ ನೋಡುತ್ತಲೇ ಬೆಳೆದೆ. ಹಾಗಾಗಿ 2015ರ ಕೊನೆಗೆ ಇಲ್ಲಿಗೆ ಬಂದಾಗ ಕಡಲಿನ ಬಗ್ಗೆ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅಂದುಕೊಂಡಿದ್ದೆ. ಇಲ್ಲಿಯ ಕಡಲಿನ ಲೆಕ್ಕವೇ ಬೇರೆ. ನಮ್ಮ ಮಂಗಳೂರಿನ ಕಡೆ ಉಬ್ಬರಕ್ಕೂ ಇಳಿತಕ್ಕೂ ನಡುವೆ ಎರಡು ಮೀಟರ್ ಕೂಡ ವ್ಯತ್ಯಾಸ ಇಲ್ಲ. ಗಾಲ್ವೇಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಆಚೀಚೆ ಅದು ಸುಮಾರು ನಾಲ್ಕೂವರೆ ಮೀಟರ್. ಮಧ್ಯಾಹ್ನ ಮಕ್ಕಳು ಆಡುತ್ತಿದ್ದ ಮರಳಿನ ಮೇಲೆ ಸಂಜೆಗೆ ಒಂದು ಮನೆಯ ಎತ್ತರದಷ್ಟು ನೀರು ನಿಂತಿರುತ್ತದೆ. ಗಾಳಿಯೇ ಇಲ್ಲದ ದಿನದ ಮಾತಿದು.

2018ರ ಜನವರಿ 2. ಎಲೆನರ್ ಅನ್ನುವ ಬಿರುಗಾಳಿ ಬರುತ್ತಿತ್ತು. ಇಲ್ಲಿಯ ಹವಾಮಾನ ಇಲಾಖೆಗೆ ಮೆಟ್ ಏರನ್ ಅನ್ನುತ್ತಾರೆ. ಅವರು ಹಳದಿ, ಕಿತ್ತಳೆ, ಕೆಂಪು ಅಂತ ಮೂರು ಬಣ್ಣದ ಎಚ್ಚರಿಕೆ ಕೊಡುತ್ತಾರೆ. ಅವತ್ತು ಕೆಂಪು ಇರಲಿಲ್ಲ. ಕೆಂಪಿಲ್ಲವಲ್ಲ ಅಂತ ನನ್ನ ಗಂಡ ಎಂದಿನಂತೆ ಕಾರನ್ನು ಕಡಲಿನ ಬದಿಯ ಪಾರ್ಕಿಂಗ್‌ನಲ್ಲಿ ನಿಲ್ಲಿಸಿ ಹೋದರು. ಸಂಜೆ ಐದು-ಆರರ ನಡುವೆ ನೀರು ಗೋಡೆ ದಾಟಿತು. ಸಾಲ್ಟ್‌ಹಿಲ್‌ನಲ್ಲಿ ನಿಂತಿದ್ದ ಕಾರುಗಳು ತೇಲಿ ಒಂದಕ್ಕೊಂದು ಗುದ್ದಿಕೊಂಡವು. ಊರ ಮಧ್ಯದ ಹಳೇ ಕಲ್ಲಿನ ಕಮಾನು ಸ್ಪ್ಯಾನಿಷ್ ಆರ್ಚ್ ದಾಟಿ, ಕೀ ಸ್ಟ್ರೀಟ್, ಫ್ಲಡ್ ಸ್ಟ್ರೀಟ್‌ಗಳ ಅಂಗಡಿಗಳಿಗೆ ನೀರು ನುಗ್ಗಿತು. ನಮ್ಮ ಕಾರಿನ ಬಾಗಿಲು ತೆಗೆದಾಗ ಹಿಂದಿನ ಸೀಟಿನ ಮೇಲೆ ಕಡಲಪಾಚಿ ಒದ್ದೆ ಬಟ್ಟೆ ಹರವಿದ ಹಾಗೆ ಬಿದ್ದಿತ್ತು. ಉಪ್ಪುನೀರು ಹೊಕ್ಕ ಎಂಜಿನ್‌ಗೆ ರಿಪೇರಿ ಇಲ್ಲ. ನಮ್ಮದು ಬರೀ ಥರ್ಡ್ ಪಾರ್ಟಿ ಇನ್ಶೂರೆನ್ಸ್, ಒಂದು ಪೈಸೆ ಬರಲಿಲ್ಲ.

ಕೆಲವು ದಿನ ಬಿಟ್ಟು ಪಕ್ಕದ ಮನೆಯ ಅಜ್ಜಿ ಚಹಾಕ್ಕೆ ಕರೆದರು. ಈ ಊರಲ್ಲೇ ಹುಟ್ಟಿ ಬೆಳೆದ ಹೆಂಗಸು. ನಮ್ಮ ಅಡುಗೆಮನೆಯ ಗೋಡೆಯ ಮೇಲಿನ ಕನ್ನಡ ಕ್ಯಾಲೆಂಡರ್ ನೋಡಿದ್ದರು, ಅದರಲ್ಲಿ ಬಿಳಿ ಚಂದ್ರ, ಕಪ್ಪು ಚಂದ್ರ ಇರುವುದೂ ಅವರಿಗೆ ನೆನಪಿತ್ತು. "ನಿಮ್ಮ ಮನೆಯಲ್ಲೇ ಚಂದ್ರ ಇದ್ದಾನಲ್ಲ, ಅವನನ್ನು ಕೇಳಬೇಕಿತ್ತು" ಅಂದರು. ಮನೆಗೆ ಬಂದು ನೋಡಿದರೆ ಜನವರಿ 2ರ ಚೌಕದಲ್ಲಿ ಬಿಳಿ ಚಂದ್ರ. ಅವತ್ತು ಬನದ ಹುಣ್ಣಿಮೆ. ಅದೂ ಚಂದ್ರ ಭೂಮಿಗೆ ತೀರ ಹತ್ತಿರ ಇದ್ದ ಹುಣ್ಣಿಮೆ.

ಅವತ್ತಿನಿಂದ ನಾನು ಎಚ್ಚರಿಕೆಯ ಬಣ್ಣದ ಜೊತೆಗೆ ತಿಥಿಯನ್ನೂ ನೋಡುತ್ತೇನೆ. 2023ರ ನವೆಂಬರ್ 13ಕ್ಕೆ ಡೆಬಿ ಬಿರುಗಾಳಿ ಬಂದಾಗ ಅದು ದೀಪಾವಳಿ ಅಮಾವಾಸ್ಯೆ. ಹಿಂದಿನ ಸಂಜೆ ಲಕ್ಷ್ಮೀಪೂಜೆ ಮಾಡಿ ಮಲಗಿದ್ದೆವು. ಬೆಳಗಾಗುವ ಹೊತ್ತಿಗೆ ಗಾಲ್ವೇಯಿಂದ ಸ್ವಲ್ಪವೇ ದೂರದ ಓರನ್‌ಮೋರ್, ಕ್ಲಾರಿನ್‌ಬ್ರಿಡ್ಜ್‌ಗಳಲ್ಲಿ ಅಂಗಡಿ, ಮನೆಗಳ ಒಳಗೆ ಕಡಲು. ಆಗ ಹೊಳೆಯಿತು ನೋಡಿ: ದೀಪಾವಳಿ ಬರುವುದೇ ಅಮಾವಾಸ್ಯೆಗೆ, ಇಲ್ಲಿ ಬಿರುಗಾಳಿಯ ಕಾಲ ಶುರುವಾಗುವುದೂ ಆ ಹೊತ್ತಿಗೇ. ಪ್ರತಿವರ್ಷ ಹಬ್ಬದ ದಿನ ಇಲ್ಲಿ ದೊಡ್ಡ ಉಬ್ಬರ ಇದ್ದೇ ಇರುತ್ತದೆ. ಅದರ ಮೇಲೆ ಗಾಳಿ ಕೂಡಿತೋ ಇಲ್ಲವೋ ಅನ್ನುವುದಷ್ಟೇ ಪ್ರಶ್ನೆ.

ಇನ್ನು ಎಯೋವಿನ್ ಬಿರುಗಾಳಿ. 2025ರ ಜನವರಿ 24, ಇಡೀ ದೇಶಕ್ಕೆ ಕೆಂಪು ಎಚ್ಚರಿಕೆ. ಬೆಳಗಿನ ಜಾವ ಐದಕ್ಕೆ ಗಾಲ್ವೇಯ ಪಶ್ಚಿಮಕ್ಕಿರುವ ಕಾನಮಾರಾದ ಮೇಸ್ ಹೆಡ್‌ನಲ್ಲಿ ಗಾಳಿಯ ವೇಗ ಗಂಟೆಗೆ 183 ಕಿ.ಮೀ. ಮುಟ್ಟಿತು. 1945ರಲ್ಲಿ ಫಾಯ್ನ್ಸ್‌ನಲ್ಲಿ ಅಳೆದಿದ್ದ 182ರ ದೇಶದ ದಾಖಲೆ ಮುರಿಯಿತು. ನಾವು ಮೂವರೂ ಕೆಳಗಿನ ಕೋಣೆಯಲ್ಲಿ ಹಾಸಿಗೆ ಹಾಕಿಕೊಂಡಿದ್ದೆವು. ಮೇಲೆ ಅಟ್ಟದ ಮುಚ್ಚಳ ಯಾರೋ ಒಳಗಿನಿಂದ ತಟ್ಟಿದ ಹಾಗೆ ಎದ್ದು ಬೀಳುತ್ತಿತ್ತು. ಮಗ ಪ್ರತಿ ಸಲವೂ ನನ್ನ ಕೈ ಹಿಸುಕುತ್ತಿದ್ದ. ನಾನು ಇಷ್ಟು ವರ್ಷದಲ್ಲಿ ಕೇಳಿದ ಅತಿ ಕೆಟ್ಟ ಗಾಳಿ ಅದು. ಆದರೂ ಎಲೆನರ್ ದಿನದ ಹಾಗೆ ಕಡಲು ಊರೊಳಗೆ ಬರಲಿಲ್ಲ. ಯಾಕೆ? ಅಮಾವಾಸ್ಯೆ ಇದ್ದದ್ದು 29ಕ್ಕೆ. 24ರಂದು ಉಬ್ಬರವೇ ಸಣ್ಣದು, ಗಾಳಿ ತುತ್ತತುದಿ ಮುಟ್ಟಿದಾಗ ನೀರು ಇಳಿತದ ಕಡೆಗಿತ್ತು. ಅದೇ ಗಾಳಿ ಐದು ದಿನ ತಡವಾಗಿ ಬಂದಿದ್ದರೆ ಅಂತ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇದರ ಒಳಗುಟ್ಟು ಇಷ್ಟೇ. ಬಿರುಗಾಳಿಯ ನಡುವೆ ವಾಯುಭಾರ ಕುಸಿದಿರುತ್ತದೆ. ಒಂದು ಮಿಲಿಬಾರ್ ಇಳಿದರೆ ಕಡಲು ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ. ಐವತ್ತು ಇಳಿದರೆ ಅರ್ಧ ಮೀಟರ್ ಹಾಗೆಯೇ ಬಂತು. ಗಾಲ್ವೇ ಕೊಲ್ಲಿ ಪಶ್ಚಿಮಕ್ಕೆ ಬಾಯಿ ತೆರೆದು ಒಳಗೆ ಬರಬರುತ್ತ ಕಿರಿದಾಗುತ್ತದೆ. ನೈಋತ್ಯ, ಪಶ್ಚಿಮದ ಗಾಳಿ ನೀರನ್ನು ಮೊರದಲ್ಲಿ ಅಕ್ಕಿ ಒತ್ತರಿಸಿದ ಹಾಗೆ ಮೂಲೆಗೆ ತಳ್ಳುತ್ತದೆ. ಆ ಮೂಲೆಯಲ್ಲಿ ಊರಿದೆ. ಊರ ಮಧ್ಯೆ ಕಾರಿಬ್ ನದಿ ಇಳಿದು ಬರುತ್ತಿರುತ್ತದೆ, ಕಡಲು ಏರಿದಾಗ ಅದಕ್ಕೂ ಹೋಗಲು ಜಾಗ ಇಲ್ಲ. ಉತ್ತರದ ಗಾಳಿ ಎಷ್ಟೇ ಕಿರುಚಿದರೂ ಇಲ್ಲಿ ಕಡಲು ಒಳಗೆ ಬರುವುದಿಲ್ಲ. ಕಾರ್ಕ್‌ನಲ್ಲಿರುವ ನನ್ನ ಗೆಳತಿಗೆ ಆಗ್ನೇಯದ ಗಾಳಿಯ ಚಿಂತೆ, ಡಬ್ಲಿನ್‌ನ ಕ್ಲಾಂಟಾರ್ಫ್ ಕಡೆಯವರಿಗೆ ಪೂರ್ವದ ಗಾಳಿಯದು. ಒಂದೇ ಬಿರುಗಾಳಿ ಎಲ್ಲರಿಗೂ ಒಂದೇ ಅಲ್ಲ.

ಇನ್ನೊಂದು ಮಾತು ನೆನಪಿಡಿ. ಗಾಲ್ವೇಯಲ್ಲಿ ಹುಣ್ಣಿಮೆ-ಅಮಾವಾಸ್ಯೆಯ ದೊಡ್ಡ ಉಬ್ಬರ ಚಳಿಗಾಲದಲ್ಲಿ ಬೆಳಿಗ್ಗೆ ಐದಾರು, ಸಂಜೆ ಐದಾರು ಗಂಟೆಯ ಸುಮಾರಿಗೇ ಬರುತ್ತದೆ. ಜನವರಿಯಲ್ಲಿ ಎರಡೂ ಕತ್ತಲೆಯ ಹೊತ್ತು. ಸಂಜೆಯದು ನೀವು ಕೆಲಸ ಮುಗಿಸಿ ಕ್ರೆಷ್‌ನಿಂದ ಮಗಳನ್ನು ಕರೆತರುವ ಹೊತ್ತು. ಅಂಥ ದಿನ ಕಡಲ ರಸ್ತೆ ಬೇಡ, ಒಳರಸ್ತೆಯಿಂದ ಬನ್ನಿ.

ಇಲ್ಲಿಯವರು ಬಿರುಗಾಳಿಯನ್ನು ಹಿಂಬಾಲಿಸುವ ರೀತಿ ನನಗೆ ತುಂಬ ಇಷ್ಟ. ಎರಡು ಮೂರು ದಿನ ಮುಂಚೆಯೇ ನಮ್ಮ ಬೀದಿಯ ವಾಟ್ಸಾಪ್ ಗುಂಪು ಎಚ್ಚರವಾಗುತ್ತದೆ. ಮೀನುಗಾರಿಕೆ ಮನೆತನದ ಒಬ್ಬರು ದೂರದ ಅಟ್ಲಾಂಟಿಕ್‌ನಲ್ಲಿ ತೇಲುವ ಎಂ6 ಅನ್ನುವ ಹವಾಮಾನ ಬೋಯೆಯ ಅಲೆಯೆತ್ತರ ಹಾಕುತ್ತಾರೆ. ಅಲ್ಲಿ ಅಲೆ ಎದ್ದರೆ ನಮಗೆ ಇನ್ನೂ ಹೊತ್ತಿದೆ ಅಂತ ಲೆಕ್ಕ. ಇನ್ನೊಬ್ಬರು ಬಂದರಿನ ನೀರಿನ ಮಟ್ಟ ನೋಡುತ್ತಾರೆ. ಮರೀನ್ ಇನ್‌ಸ್ಟಿಟ್ಯೂಟ್‌ನ ಮಾಪಕದಲ್ಲಿ ಲೆಕ್ಕ ಹಾಕಿದ ಉಬ್ಬರ ಎಷ್ಟು, ನಿಜವಾಗಿ ಬಂದದ್ದು ಎಷ್ಟು ಅನ್ನುವುದು ಕಾಣುತ್ತದೆ. ಆ ಎರಡರ ನಡುವಿನ ಅಂತರ ಬೆಳೆಯತೊಡಗಿದರೆ ಯಾರೂ ಹೇಳಬೇಕಾಗಿಲ್ಲ, ಎಲ್ಲರೂ ಕಾರು ಎತ್ತರದ ಬೀದಿಗೆ ಸಾಗಿಸುತ್ತಾರೆ. ನಗರಸಭೆಯವರು ಸಾಲ್ಟ್‌ಹಿಲ್‌ನ ಕಡಲಬದಿಯ ಪಾರ್ಕಿಂಗ್ ಮುಚ್ಚುತ್ತಾರೆ, ಮರಳ ಚೀಲ ಕೊಡುತ್ತಾರೆ, ಸ್ಪ್ಯಾನಿಷ್ ಆರ್ಚ್ ಬಳಿ ನೀರು ತುಂಬಿಸಿ ಉಬ್ಬಿಸುವ ಉದ್ದನೆಯ ಆಕ್ವಾ ಡ್ಯಾಮ್ ಹಾಸುತ್ತಾರೆ. ಆ ಕೆಲಸ ಶುರುವಾದದ್ದು ಕಂಡರೆ ನೀವೂ ಮನೆ ಕಡೆ ಹೊರಡಿ.

ಅಲೆ ನೋಡಲು, ವಿಡಿಯೋ ಮಾಡಲು ಮಾತ್ರ ಪ್ರಾಮ್‌ಗೆ ಹೋಗಬೇಡಿ ಮಾರಾಯ್ರೇ. ಕಡಲಬದಿಯ ಕಾಲುದಾರಿಗೆ ಇಲ್ಲಿ ಪ್ರಾಮ್ ಅನ್ನುತ್ತಾರೆ. ಗೋಡೆ ದಾಟಿ ಬರುವ ಅಲೆಯಲ್ಲಿ ನೀರಷ್ಟೇ ಇರುವುದಿಲ್ಲ, ತೆಂಗಿನಕಾಯಿ ಗಾತ್ರದ ಕಲ್ಲುಗಳಿರುತ್ತವೆ. ಮರುದಿನ ಹೋಗಿ ನೋಡಿ, ರಸ್ತೆ ತುಂಬ ಬಿದ್ದಿರುತ್ತವೆ. ಯಾರಾದರೂ ನೀರಿಗೆ ಬಿದ್ದದ್ದು ಕಂಡರೆ 112ಕ್ಕೆ ಕರೆ ಮಾಡಿ ಕೋಸ್ಟ್ ಗಾರ್ಡ್ ಅನ್ನಿ, ನೀವು ಇಳಿಯಬೇಡಿ.

ಈಗ ಆ ಫ್ಲ್ಯಾಟಿನ ವಿಷಯ. ನನ್ನನ್ನು ಕೇಳಿದರೆ ಬೇಡ. ಕಡಿಮೆ ಬಾಡಿಗೆಗೆ ಕಾರಣ ಇರುತ್ತದೆ. ನಮ್ಮ ಮೊದಲ ಮನೆಯೂ ನೆಲಮಹಡಿಯದೇ. ಹಿಂದೆ ನೀರು ನುಗ್ಗಿತ್ತು ಅನ್ನುವುದನ್ನು ಮನೆ ತೋರಿಸಿದವರು ಬಾಯಿ ಬಿಡಲಿಲ್ಲ, ನಮಗೂ ಕೇಳಲು ಗೊತ್ತಾಗಲಿಲ್ಲ. ಮುಂಬಾಗಿಲ ಎರಡೂ ಬದಿಗೆ ಗೋಡೆಯಲ್ಲಿ ಅಲ್ಯುಮಿನಿಯಂ ಪಟ್ಟಿ ಇತ್ತು, ಮಧ್ಯೆ ಉದ್ದಕ್ಕೂ ಸೀಳು. ಏನೋ ಅಲಂಕಾರ ಅಂದುಕೊಂಡಿದ್ದೆ. ನೀರು ಬಂದಾಗ ಹಲಗೆ ಇಳಿಸಿ ಬಾಗಿಲು ಕಟ್ಟುವ ಸೀಳು ಅದು! ನೀವು ಮನೆ ನೋಡುವಾಗ ಇದನ್ನು ನೋಡಿ. ಪ್ಲಗ್ ಪಾಯಿಂಟ್‌ಗಳು ಸೊಂಟದ ಎತ್ತರಕ್ಕೆ ಏರಿಸಿದ್ದಾರಾ, ಒಳಗೋಡೆಯ ಕೆಳಭಾಗಕ್ಕೆ ಮಾತ್ರ ಹೊಸ ಬಣ್ಣ ಬಳಿದಿದ್ದಾರಾ ಅಂತಲೂ ನೋಡಿ. ಫ್ಲಡ್‌ಇನ್ಫೋ ಡಾಟ್ ಐಇ ಅನ್ನುವ ಸರ್ಕಾರಿ ತಾಣದ ನಕ್ಷೆಯಲ್ಲಿ ಆ ಜಾಗ ಹುಡುಕಿದರೆ ನೆರೆಯ ಅಪಾಯ ಎಷ್ಟು ಅಂತ ತೋರಿಸುತ್ತದೆ. ಆಮೇಲೆ ಪಕ್ಕದ ಅಂಗಡಿಗೆ ಹೋಗಿ ಹಾಲು ಕೊಂಡು, "ಇಲ್ಲಿ ನೀರು ಬರುತ್ತಾ" ಅಂತ ಕೇಳಿ. ಇಲ್ಲಿಯ ಜನ ಇಂಥ ಪ್ರಶ್ನೆಗೆ ಸುಳ್ಳು ಹೇಳಿದ್ದನ್ನು ನಾನು ಕಂಡಿಲ್ಲ. ನಾಲ್ಕು ಬೀದಿ ಹಿಂದಕ್ಕೆ, ಏರಿನ ಮೇಲೆ ಮನೆ ಸಿಕ್ಕರೆ ಬಾಡಿಗೆ ಹೆಚ್ಚಾದರೂ ಅದನ್ನೇ ಹಿಡಿಯಿರಿ. ಮನೆ ಸಾಮಾನಿಗೆ ಇನ್ಶೂರೆನ್ಸ್ ಮಾಡಿಸುವಾಗ ನೆರೆ ಸೇರಿದೆಯಾ ಅಂತ ಬಾಯಿಬಿಟ್ಟು ಕೇಳಿ. ಹಿಂದೆ ನೀರು ಬಂದ ಜಾಗಕ್ಕೆ ಎಷ್ಟೋ ಸಲ ಅದನ್ನು ಸೇರಿಸುವುದೇ ಇಲ್ಲ.

ಕಡಲು ದೂರ ಇದ್ದರೂ ಕರೆಂಟ್ ಹೋಗುವುದು ತಪ್ಪುವುದಿಲ್ಲ. ಎಯೋವಿನ್ ದಿನ ದೇಶದಲ್ಲಿ 7,68,000 ಮನೆ, ಅಂಗಡಿ, ತೋಟಗಳಿಗೆ ಕರೆಂಟ್ ಹೋಯಿತು. ನಮಗೆ ನಾಲ್ಕನೆಯ ದಿನ ಬಂತು, ಹಳ್ಳಿಗಳ ಕಡೆ ಕೆಲವರು ಎರಡು ವಾರಕ್ಕಿಂತ ಹೆಚ್ಚು ಕಾದರು. ನಮ್ಮೂರಲ್ಲಿ ಕರೆಂಟ್ ಹೋದರೆ ಫ್ಯಾನ್ ನಿಲ್ಲುತ್ತದೆ ಅಷ್ಟೆ. ಇಲ್ಲಿ ಮನೆ ತಣ್ಣಗಾಗುತ್ತದೆ, ಯಾಕೆಂದರೆ ಗ್ಯಾಸ್ ಬಾಯ್ಲರ್‌ನ ಪಂಪಿಗೂ ಕರೆಂಟೇ ಬೇಕು. ಬೋರ್‌ವೆಲ್ ನಂಬಿದವರಿಗೆ ನೀರೂ ಇಲ್ಲ. ಹಾಗಾಗಿ ಎಚ್ಚರಿಕೆ ಬಂದ ರಾತ್ರಿಯೇ ನಾನು ಪಾತ್ರೆಗಳಲ್ಲಿ ನೀರು ತುಂಬಿಸುತ್ತೇನೆ, ಎರಡು ಫ್ಲಾಸ್ಕ್‌ಗಳಲ್ಲಿ ಬಿಸಿನೀರು, ಪವರ್ ಬ್ಯಾಂಕ್ ಚಾರ್ಜು, ಡಬ್ಬಿ ತುಂಬ ಅವಲಕ್ಕಿ. ನಿಮ್ಮ ಮಗಳು ಚಿಕ್ಕವಳು, ಹಾಲು ಕಾಯಿಸಲು ಅಂತ ಕ್ಯಾಂಪಿಂಗ್ ಒಲೆಯನ್ನು ಮುಚ್ಚಿದ ಕೋಣೆಯಲ್ಲಿ ಹಚ್ಚಲೇಬೇಡಿ, ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಅನಿಲ ಕಣ್ಣಿಗೆ ಕಾಣದು, ವಾಸನೆಯೂ ಇಲ್ಲ, ಜೀವ ತೆಗೆಯುತ್ತದೆ. ಬಿದ್ದ ತಂತಿ ಕಂಡರೆ ದೂರ ನಿಂತು ಕರೆಂಟಿನ ಜಾಲ ನೋಡಿಕೊಳ್ಳುವ ಇಎಸ್‌ಬಿ ನೆಟ್‌ವರ್ಕ್ಸ್‌ಗೆ 1800 372 999ಕ್ಕೆ ಹೇಳಿ.

ಆ ನಾಲ್ಕು ದಿನದ ಒಂದು ಸಂಜೆ ಅದೇ ಪಕ್ಕದ ಮನೆಯ ಅಜ್ಜಿ ಬಾಗಿಲು ತಟ್ಟಿದರು. ಎಂಬತ್ತು ದಾಟಿದ್ದಾರೆ, ಕೈಯಲ್ಲಿ ಟಾರ್ಚು. ಅವರ ಮನೆಯಲ್ಲಿ ಹಳೇ ಕಬ್ಬಿಣದ ಒಲೆ ಇದೆ, ಕಟ್ಟಿಗೆ ಹಾಕಿ ಉರಿಸುವಂಥದ್ದು. ನಮ್ಮನ್ನು, ಎದುರು ಮನೆಯ ಪೋಲೆಂಡ್‌ನ ದಂಪತಿಯನ್ನು, ಮೂಲೆಮನೆಯ ಇಬ್ಬರು ವಿದ್ಯಾರ್ಥಿಗಳನ್ನು ಕರೆದು ಒಲೆಯ ಸುತ್ತ ಕೂರಿಸಿದರು. ನಾನು ಅಕ್ಕಿ ತಗೊಂಡು ಹೋಗಿ ಅದೇ ಒಲೆಯ ಮೇಲೆ ಗಂಜಿ ಮಾಡಿದೆ, ಜೊತೆಗೆ ಮಾವಿನ ಮಿಡಿ ಉಪ್ಪಿನಕಾಯಿ. ಅಜ್ಜಿ ಗಂಜಿಯ ಮೇಲೆ ಬೆಣ್ಣೆ ಹಾಕಿಕೊಂಡು ಎರಡು ಬಟ್ಟಲು ಉಂಡರು. ಹೊರಡುವಾಗ ಬಾಗಿಲಲ್ಲಿ ನಿಂತು, "ಮೈಂಡ್ ಯುವರ್‌ಸೆಲ್ವ್ಸ್ ನೌ" ಅಂದರು. ಜೋಪಾನ ಅನ್ನುವುದಕ್ಕೆ ಇಲ್ಲಿಯ ಮಾತು ಅದು. ನೀವು ಬಂದ ಮೊದಲ ವಾರವೇ ಕೇಳುತ್ತೀರಿ.

ಬಂದಿಳಿದ ಮೇಲೆ ಒಂದು ಫೋನ್ ಮಾಡಿ. ಭಾನುವಾರ ಇಳಿತದ ಹೊತ್ತು ನೋಡಿಕೊಂಡು ಎಲ್ಲರೂ ಪ್ರಾಮ್‌ಗೆ ಹೋಗೋಣ. ಅದರ ಕೊನೆಯ ಗೋಡೆಗೆ ಕಾಲಿನಿಂದ ಒಂದು ಸಣ್ಣ ಒದೆ ಕೊಟ್ಟು ಹಿಂದಿರುಗುವುದು ಇಲ್ಲಿಯ ವಾಡಿಕೆ, ನಿಮ್ಮ ಮಗಳಿಗೆ ಖುಷಿಯಾಗುತ್ತದೆ. ಅಲ್ಲೇ ಬ್ಲ್ಯಾಕ್‌ರಾಕ್‌ನ ಮೆಟ್ಟಿಲುಗಳಿವೆ. ಇಳಿತದಲ್ಲಿ ಎಷ್ಟು ಮೆಟ್ಟಿಲು ಕಾಣುತ್ತವೆ ಅಂತ ಎಣಿಸಿಟ್ಟುಕೊಳ್ಳಿ, ಮುಂದಿನ ಹುಣ್ಣಿಮೆಯ ಸಂಜೆ ದೂರದಿಂದ ನೋಡಿ ಎಷ್ಟು ಉಳಿದಿವೆ ಅಂತ ಎಣಿಸಿ. ಮತ್ತೆ, ಬರುವಾಗ ಸೂಟ್‌ಕೇಸಿನಲ್ಲಿ ಗೋಡೆಗೆ ಹಾಕುವ ಕನ್ನಡ ಕ್ಯಾಲೆಂಡರ್ ಎರಡು ಇರಲಿ. ಒಂದು ಅಜ್ಜಿಗೆ, ಅವರು ಕೇಳಿದ್ದಾರೆ.