ರಾತ್ರಿ ಹೊತ್ತು ಯಾರ ನಿದ್ದೆಯೂ ಕೆಡದ ಹಾಗೆ ಎಲೆಕ್ಟ್ರಿಕ್ ಗಿಟಾರ್ ನುಡಿಸಲು ಎಂಥ ಆಂಪ್ ತೆಗೆದುಕೊಳ್ಳಬೇಕು?

ಅಭ್ಯಾಸಕ್ಕೆ ಬಿಡುವು ಸಿಗುವುದು ರಾತ್ರಿಯೇ, ಪಕ್ಕದ ಕೋಣೆಯಲ್ಲಿ ಮಗು ಮಲಗಿರುತ್ತದೆ, '5 ವಾಟಿನ ಟ್ಯೂಬ್ ಆಂಪ್ ತಗೋ, ಸದ್ದು ಕಡಿಮೆ' ಎಂದು ಗೆಳೆಯರು ಹೇಳುತ್ತಿದ್ದಾರೆ ಎಂದು ಬರೆದಿದ್ದೀರಿ. (ಆಂಪ್ ಎಂದರೆ ಗಿಟಾರಿನ ದನಿ ಹಿಗ್ಗಿಸುವ ಆಂಪ್ಲಿಫೈಯರ್; ಟ್ಯೂಬ್ ಆಂಪ್ ಆ ಕೆಲಸವನ್ನು ಗಾಜಿನ ವ್ಯಾಕ್ಯೂಮ್ ಟ್ಯೂಬ್‌ಗಳಿಂದ ಮಾಡುತ್ತದೆ.) ಆ ಸಲಹೆಯಿಂದಲೇ ಶುರು ಮಾಡುತ್ತೇನೆ. ದಯವಿಟ್ಟು ಅದನ್ನು ನಂಬಿ ದುಡ್ಡು ಹಾಕಬೇಡಿ.

5 ವಾಟ್ ಎಂದರೆ ಮನೆಯೊಳಗೆ ಭಾರೀ ಸದ್ದು. ವಾಟ್ ಹತ್ತು ಪಟ್ಟು ಹೆಚ್ಚಾದರೆ ಸದ್ದು ಏರುವುದು 10 ಡೆಸಿಬಲ್. ಕಿವಿಗೆ ಅದು ಸುಮಾರಾಗಿ ಎರಡರಷ್ಟು ಅನ್ನಿಸುತ್ತದೆ. ಅಂದರೆ ವೇದಿಕೆಯ ಮೇಲೆ 50 ವಾಟಿನ ಆಂಪ್ ಎಷ್ಟು ಅಬ್ಬರಿಸುತ್ತದೋ ಅದರ ಅರ್ಧದಷ್ಟು ಅಬ್ಬರ 5 ವಾಟಿನದರಲ್ಲೂ ಇದೆ, ಹತ್ತನೇ ಒಂದು ಭಾಗವಲ್ಲ. ಇನ್ನೊಂದು ಲೆಕ್ಕ ನೋಡಿ: 12 ಇಂಚಿನ ಗಿಟಾರ್ ಸ್ಪೀಕರಿಗೆ ಬರೀ 1 ವಾಟ್ ಕೊಟ್ಟರೂ ಒಂದು ಮೀಟರ್ ದೂರದಲ್ಲಿ 97ರಿಂದ 100 ಡೆಸಿಬಲ್ ಬರುತ್ತದೆ. ಇಬ್ಬರು ಎದುರುಬದುರು ಕೂತು ಮಾತಾಡುವ ಸದ್ದು 60ರ ಆಸುಪಾಸು. ಮೇಲಾಗಿ ಟ್ಯೂಬ್ ಆಂಪಿಗೆ ಹೆಸರು ತಂದ ಆ ದಪ್ಪ, ಬೆಚ್ಚನೆಯ ನಾದದ ದೊಡ್ಡ ಪಾಲು ಹುಟ್ಟುವುದು ಅದರ ಪವರ್ ಟ್ಯೂಬ್‌ಗಳನ್ನು ಜೋರಾಗಿ ದುಡಿಸಿದಾಗ. ನಿಮ್ಮ ಕೋಣೆಯಲ್ಲಿ ಅದನ್ನು ಅಷ್ಟು ದುಡಿಸುವ ಹಾಗಿಲ್ಲ. ಹಾಗಿದ್ದ ಮೇಲೆ ಅದಕ್ಕೇ ದುಡ್ಡು ಕೊಟ್ಟು ಏನು ಬಂತು?

ಆದ್ದರಿಂದ ಡಬ್ಬದ ಮೇಲಿನ ವಾಟ್ ಅಂಕಿಯನ್ನು ಪಕ್ಕಕ್ಕಿಡಿ. ಈ ಆಂಪ್ ಮಾತಿನ ಸದ್ದಿನ ಮಟ್ಟದಲ್ಲಿ ಹೇಗೆ ಕೇಳಿಸುತ್ತದೆ? ನೀವು ಕೇಳಿಕೊಳ್ಳಬೇಕಾದದ್ದು ಇದೊಂದನ್ನೇ. ಅಂಗಡಿಯಲ್ಲಿ ನೋಡುವಾಗ ಎಲ್ಲರೂ ಜೋರಾಗಿ ನುಡಿಸಿ ಖುಷಿಪಡುತ್ತಾರೆ. ನೀವು ತದ್ವಿರುದ್ಧ ಮಾಡಿ. ವಾಲ್ಯೂಮನ್ನು ಸೊನ್ನೆಗೆ ತಂದು, ಒಂದು ತಂತಿಯನ್ನು ಮೀಟುತ್ತಾ ನಾಬನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತಿರುಗಿಸಿ. ಕೆಲವು ಆಂಪ್‌ಗಳಲ್ಲಿ ಸೊನ್ನೆಯಿಂದ ಒಂದಕ್ಕೆ ಹೋಗುವಷ್ಟರಲ್ಲಿ ಮೌನ ಹೋಗಿ ಗದ್ದಲವೇ ಬಂದುಬಿಡುತ್ತದೆ, ನಡುವೆ ನಿಲ್ಲಲು ಜಾಗವೇ ಇರುವುದಿಲ್ಲ. ಅಂಥದ್ದನ್ನು ಅಲ್ಲೇ ಬಿಟ್ಟು ಬನ್ನಿ, ಉಳಿದ ಗುಣಗಳು ಎಷ್ಟೇ ಚೆನ್ನಾಗಿರಲಿ. ನಾಬನ್ನು ಗಡಿಯಾರದ ಹತ್ತು ಗಂಟೆಯ ದಿಕ್ಕಿಗೆ ತಂದಾಗಲೂ ಪಕ್ಕದಲ್ಲಿ ನಿಂತವರ ಜೊತೆ ದನಿ ಏರಿಸದೆ ಮಾತಾಡಲು ಆಗಬೇಕು, ಅದು ನನ್ನ ಅಳತೆಗೋಲು.

ಆ ಮಟ್ಟದಲ್ಲಿ ನಾದ ಬಡಕಲಾಗಿ ಕೇಳಿಸಿದರೆ ತಪ್ಪು ಪೂರ್ತಿ ಆಂಪಿನದಲ್ಲ. ಸದ್ದು ಇಳಿದಂತೆ ನಮ್ಮ ಕಿವಿ ಕೆಳಗಿನ ಸ್ವರಗಳನ್ನು ಹೆಚ್ಚು ಕಳೆದುಕೊಳ್ಳುತ್ತದೆ. 1933ರಲ್ಲಿ ಅಮೆರಿಕದ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ ಇದನ್ನು ಅಳೆದು ರೇಖೆ ಎಳೆದು ತೋರಿಸಿದ್ದಾರೆ. ಹಾಗಾಗಿ ರಾತ್ರಿಯ ಮಟ್ಟಕ್ಕೆ ಬೇಸ್ ಸ್ವಲ್ಪ ಹೆಚ್ಚಿಸಿಕೊಳ್ಳಿ, ಅದರಲ್ಲಿ ನಾಚಿಕೆಯಿಲ್ಲ. ಹಗಲು ಜೋರಾಗಿ ನುಡಿಸುವಾಗ ಇಳಿಸಿದರಾಯಿತು. ಇನ್ನೊಂದು: ಸದ್ದು ತೀರಾ ಕಡಿಮೆಯಾದಾಗ ಪಿಕ್ ತಂತಿಗೆ ತಾಗುವ 'ಟಿಕ್ ಟಿಕ್' ಸ್ಪೀಕರಿನ ದನಿಗಿಂತ ಮುಂದೆ ಬಂದು ಕೂರುತ್ತದೆ. ಸ್ಪೀಕರನ್ನು ಇಳಿಸುವುದಕ್ಕೂ ಒಂದು ಮಿತಿ ಇದೆ, ಆ ಮಿತಿಯಾಚೆಗೆ ಹೆಡ್‌ಫೋನೇ ಗತಿ.

ನಿಮಗೆ ಹೊಂದುವುದು ಡಿಜಿಟಲ್ ಮಾಡೆಲಿಂಗ್ ಆಂಪ್. ಬೇರೆ ಬೇರೆ ಆಂಪ್‌ಗಳ ನಾದವನ್ನು ಒಳಗಿನ ಚಿಪ್ ಲೆಕ್ಕ ಹಾಕಿ ಕಟ್ಟಿಕೊಡುವುದರಿಂದ ಡಿಸ್ಟಾರ್ಷನ್ (ರಾಕ್ ಸಂಗೀತದಲ್ಲಿ ಕೇಳುವ ಆ ಒರಟು, ಗರಗರ ದನಿ) ಬೇಕೆಂದು ವಾಲ್ಯೂಮ್ ಏರಿಸಬೇಕಿಲ್ಲ. ಯಮಹಾದ ಟಿಎಚ್‌ಆರ್ ಸರಣಿಯನ್ನು ಮನೆ ಬಳಕೆಯನ್ನೇ ಮನಸ್ಸಿನಲ್ಲಿಟ್ಟು ಮಾಡಿದ್ದಾರೆ. ಮೆಲ್ಲಗಿನ ಸದ್ದಿನಲ್ಲಿ ಅಷ್ಟು ತುಂಬಿದ ನಾದ ಕೊಡುವುದರಲ್ಲಿ ನನ್ನ ಮೊದಲ ಮತ ಅದಕ್ಕೆ. ಮುಂದೆ ಗೆಳೆಯರ ಜೊತೆ ಡ್ರಮ್ ಇರುವಲ್ಲಿ ನುಡಿಸುವ ಆಸೆ ಇದ್ದರೆ ಬಾಸ್ ಕಂಪನಿಯ ಕಟಾನಾ 50 ನೋಡಿ. 12 ಇಂಚಿನ ಸ್ಪೀಕರ್, ಆದರೆ ಪವರನ್ನು 0.5 ವಾಟಿಗೆ ಇಳಿಸುವ ಸ್ವಿಚ್ ಇದೆ. ಅಲ್ಲಿಟ್ಟರೆ ವಾಲ್ಯೂಮ್ ನಾಬನ್ನು ಧಾರಾಳವಾಗಿ ತಿರುಗಿಸಲು ಜಾಗ ಸಿಗುತ್ತದೆ. ಫೆಂಡರ್ ಮಸ್ಟಾಂಗ್‌ನ 8 ಇಂಚಿನ ಮಾದರಿ, ಬ್ಲ್ಯಾಕ್‌ಸ್ಟಾರ್‌ನ ಸಣ್ಣವು ಕೂಡ ಕೆಟ್ಟವಲ್ಲ.

ಮಗು ಮಲಗಿರುವ ಮನೆಯಲ್ಲಿ ನಿಮ್ಮ ನುಡಿಕೆಯ ಹೆಚ್ಚಿನ ಪಾಲು ಹೆಡ್‌ಫೋನಿನಲ್ಲೇ ನಡೆಯುತ್ತದೆ, ಅದಕ್ಕೇ ಆಂಪಿನಲ್ಲಿ ಹೆಡ್‌ಫೋನ್ ಸಿಕ್ಕಿಸುವ ತೂತಿನ ಬಗ್ಗೆ ಸ್ವಲ್ಪ ಹೆಚ್ಚು ಬರೆಯುತ್ತೇನೆ. ಪ್ಲಗ್ ಹಾಕಿದಾಗ ಸ್ಪೀಕರ್ ತಾನಾಗಿ ಬಂದ್ ಆಗುತ್ತದೆಯೇ ನೋಡಿ. ಹೆಡ್‌ಫೋನಿಗೆ ಹೋಗುವ ದನಿ ಸ್ಪೀಕರ್ ಸಿಮ್ಯುಲೇಷನ್ (ಗಿಟಾರ್ ಸ್ಪೀಕರಿನ ದನಿಯನ್ನು ಅನುಕರಿಸುವ ಸೌಲಭ್ಯ) ಮೂಲಕ ಹೋಗುತ್ತದೆಯೇ ಕೇಳಿ. ಗಿಟಾರ್ ಸ್ಪೀಕರ್ ಸುಮಾರು 5,000 ಹರ್ಟ್ಸ್‌ನ ಮೇಲಿನದನ್ನು ತಾನೇ ಕತ್ತರಿಸಿಹಾಕುತ್ತದೆ, ಹೆಡ್‌ಫೋನ್ ಕತ್ತರಿಸುವುದಿಲ್ಲ. ಆ ಸಿಮ್ಯುಲೇಷನ್ ಇಲ್ಲದಿದ್ದರೆ ಡಿಸ್ಟಾರ್ಷನ್ ಹಾಕಿದ ಕೂಡಲೇ ಕಿವಿಯಲ್ಲಿ ಜೇನುನೊಣ ಹೊಕ್ಕ ಹಾಗಿರುತ್ತದೆ. ಬ್ಲೂಟೂತ್ ಹೆಡ್‌ಫೋನ್ ಮಾತ್ರ ಬೇಡವೇ ಬೇಡ. ಹಾಡು ಕೇಳಲು ಅವು ಸರಿ, ಆದರೆ ಸಾಮಾನ್ಯ ಬ್ಲೂಟೂತಿನಲ್ಲಿ ದನಿ ಕಿವಿಗೆ ಬರುವಷ್ಟರಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಹೊತ್ತು ಹೋಗಿರುತ್ತದೆ. ನಿಮಿಷಕ್ಕೆ 120 ಬೀಟ್ ವೇಗದಲ್ಲಿ ಒಂದು ಸಿಕ್ಸ್‌ಟೀನ್ತ್ ನೋಟಿನ (ಒಂದು ಬೀಟಿನ ಕಾಲು ಭಾಗದ) ಅವಧಿಯೇ ಅಷ್ಟು. ಮೀಟಿದ್ದು ಒಂದು, ಕೇಳಿದ್ದು ಇನ್ನೊಂದು ಆಗಿ ತಾಳವೇ ಹಾಳಾಗುತ್ತದೆ. ವೈರ್ ಇರುವ, ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ತೆಗೆದುಕೊಳ್ಳಿ. ಹಿಂಬದಿ ತೆರೆದಿರುವ ಮಾದರಿಯಲ್ಲಿ ದನಿ ಹೊರಗೂ ಸೋರುತ್ತದೆ. ಆಂಪಿನಲ್ಲಿ ಹೊರಗಿನ ದನಿ ಒಳಗೆ ತರುವ ಆಕ್ಸ್ ಇನ್‌ಪುಟ್ ಇದ್ದರೆ ಮೊಬೈಲಿನಿಂದ ಬ್ಯಾಕಿಂಗ್ ಟ್ರ್ಯಾಕ್ (ಜೊತೆಗೆ ನುಡಿಸಲು ಹಿನ್ನೆಲೆ ಸಂಗೀತ) ಅಥವಾ ತಾಳದ ಟಿಕ್ ಕೊಡುವ ಮೆಟ್ರೊನೋಮ್ ಕೂಡ ಅದೇ ಹೆಡ್‌ಫೋನಿನಲ್ಲಿ ಕೇಳಬಹುದು, ಇದು ಇಲ್ಲದ ಆಂಪ್ ನಾನು ಕೊಳ್ಳುವುದಿಲ್ಲ.

ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ವಾಕ್ಸ್ ಆಂಪ್‌ಪ್ಲಗ್‌ನಂಥ ಪುಟ್ಟ ಡಬ್ಬಿ ಸಾಕು. ಗಿಟಾರಿನ ಜ್ಯಾಕಿಗೇ ನೇರ ಸಿಕ್ಕಿಸಿ, ಅದಕ್ಕೆ ಹೆಡ್‌ಫೋನ್ ಹಾಕಿ ಕೂತುಬಿಡಬಹುದು. ಮೊದಲ ವರ್ಷದ ಅಭ್ಯಾಸಕ್ಕೆ ಇದರಿಂದ ಏನೂ ಕೊರತೆಯಾಗದು.

ಇಷ್ಟಾದ ಮೇಲೂ ಟ್ಯೂಬ್ ಆಂಪೇ ಬೇಕು ಎನಿಸಿದರೆ ಆಂಪಿಗೂ ಸ್ಪೀಕರಿಗೂ ನಡುವೆ ಪವರನ್ನು ತಗ್ಗಿಸುವ ಅಟೆನ್ಯುಯೇಟರ್ ಎಂಬ ಸಾಧನ ಹಾಕುವ ದಾರಿ ಇದೆ. ಆದರೆ ಸದ್ದು ಬೇಡವೆಂದು ಸ್ಪೀಕರಿನ ವೈರ್ ಕಿತ್ತು ಟ್ಯೂಬ್ ಆಂಪನ್ನು ಚಾಲೂ ಮಾಡಬೇಡಿ, ಯಾವ ಕಾರಣಕ್ಕೂ. ಲೋಡ್ (ಪವರ್ ಹೀರಿಕೊಳ್ಳುವ ಸ್ಪೀಕರಿನಂಥದ್ದು) ಇಲ್ಲದೆ ಓಡಿದರೆ ಒಳಗಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಕೊಂಡು ತಂದ ಮೇಲೆ ಆಂಪನ್ನು ನೆಲದ ಮೇಲೆ, ಮೂಲೆಯಲ್ಲಿ ಇಡಬೇಡಿ. ಮೂಲೆ ಬೇಸನ್ನು ಉಬ್ಬಿಸುತ್ತದೆ, ನೆಲ ಅದನ್ನು ಕೆಳಮನೆಗೆ ದಾಟಿಸುತ್ತದೆ, ಗೋಡೆಯಾಚೆಯವರನ್ನು ಎಬ್ಬಿಸುವುದು ಆ ಗುಂಯ್‌ಗುಡುವ ಕೆಳದನಿಯೇ. ಕುರ್ಚಿಯ ಮೇಲೆ ದಪ್ಪ ಫೋಮ್ ಹಾಸಿ, ಮಗುವಿನ ಕೋಣೆಯ ಗೋಡೆಯಿಂದ ದೂರ, ಸ್ಪೀಕರ್ ನಿಮ್ಮ ಕಿವಿಯ ಕಡೆ ಮುಖ ಮಾಡುವಂತೆ ಇಡಿ. ಮೊಣಕಾಲಿನ ಕಡೆ ಮುಖ ಮಾಡಿದ ಆಂಪಿಗೆ ಬೇಕಿಲ್ಲದಷ್ಟು ಟ್ರೆಬಲ್, ವಾಲ್ಯೂಮ್ ಎರಡನ್ನೂ ಏರಿಸುತ್ತೀರಿ; ಕಿವಿಯ ನೇರಕ್ಕೆ ಬಂದರೆ ಎರಡನ್ನೂ ಇಳಿಸಬಹುದು.