ಬೀರುವಿನಲ್ಲಿ ಕೂತಿರುವ ಚಂದ್ರಕಾಳಿ

ಹಾವೇರಿ ಜಿಲ್ಲೆಯ ಓದುಗರೊಬ್ಬರ ಪತ್ರ ಇದು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ನಾಲ್ಕು ಪುಟ ಇತ್ತು, ಚಿಕ್ಕದು ಮಾಡಿದ್ದೇನೆ.

"34 ವರ್ಷ ಪ್ರೈಮರಿ ಶಾಲೆಯಲ್ಲಿ ಕೆಲಸ ಮಾಡಿ ಹೋದ ವರ್ಷ ರಿಟೈರ್ ಆದೆ. ಬಂದ ದುಡ್ಡಿನಲ್ಲಿ ಮಗನ ಮನೆ ಸಾಲಕ್ಕೆ ಒಂದಿಷ್ಟು, ಮಗಳಿಗೆ ಒಂದಿಷ್ಟು ಕೊಟ್ಟು, ಉಳಿದದ್ದನ್ನು ಬ್ಯಾಂಕಿನಲ್ಲಿ ಇಟ್ಟೆ. ಆಮೇಲೊಂದು ದಿನ ಧಾರವಾಡಕ್ಕೆ ಹೋದಾಗ ಕೈಕಸೂತಿ ಹಾಕಿದ ಕಪ್ಪು ಇಳಕಲ್ ಸೀರೆ, ಚಂದ್ರಕಾಳಿ, ನನಗೆ ಅಂತಲೇ ಕೊಂಡೆ. 18,500 ರೂಪಾಯಿ. ಮನೆಯಲ್ಲಿ ನಾಲ್ಕು ಸಾವಿರ ಅಂತ ಹೇಳಿದ್ದೇನೆ. ಅದಕ್ಕೂ 'ಈ ವಯಸ್ಸಿನಲ್ಲಿ ಯಾಕೆ ಬೇಕಿತ್ತು' ಅನ್ನೋ ಮಾತು ಬಂತು. ಏಳು ತಿಂಗಳಾಯಿತು, ಇನ್ನೂ ಉಟ್ಟಿಲ್ಲ. ಬೀರು ತೆಗೆದಾಗಲೆಲ್ಲ ಮನಸ್ಸು ಚುರ್ ಅನ್ನುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಮಕ್ಕಳಿಗೆ ಪಾಠ ಹೇಳಿದವಳು ನಾನು. ಇದು ದುಂದುವೆಚ್ಚವಾ? ನೀವು ಯಾವತ್ತಾದರೂ ಹೀಗೆ ಖರ್ಚು ಮಾಡಿದ್ದೀರಾ? ಮತ್ತೊಂದು, ಈ ಸೀರೆಗೆ ಯಾವ ಕುಬಸ (ರವಿಕೆ) ಒಪ್ಪುತ್ತದೆ?"

ಅಕ್ಕೋರೇ,

ಮೊದಲು ಉತ್ತರ ಹೇಳಿಬಿಡುತ್ತೇನೆ, ಆಮೇಲೆ ಮಾತು. ಅದು ದುಂದುವೆಚ್ಚ ಅಲ್ಲ. ಸಾಲ ಮಾಡಿಲ್ಲ, ಕಂತು ಕಟ್ಟುತ್ತಿಲ್ಲ, ಯಾರ ಪಾಲನ್ನೂ ಕಿತ್ತುಕೊಂಡಿಲ್ಲ. ಎಲ್ಲರಿಗೂ ಕೊಟ್ಟು, ನಾಳೆಗೆ ಇಟ್ಟು, ಆಮೇಲೆ ನಿಮಗೆ ಅಂತ ಒಂದು ಸೀರೆ ತಂದಿದ್ದೀರಿ. ನನಗೆ ಬೇಜಾರಾದದ್ದು ಬೇರೆ ಎರಡು ವಿಷಯಕ್ಕೆ. ಒಂದು, ಅದರ ಬೆಲೆಯನ್ನು ಮುಚ್ಚಿಟ್ಟಿದ್ದೀರಿ. ಇನ್ನೊಂದು, ಅದನ್ನು ಉಟ್ಟೇ ಇಲ್ಲ.

ಗಾದೆ ನೆನಪು ಮಾಡಿದ್ದೀರಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಸರಿ. ಹಾಸಿಗೆ ಇರುವಷ್ಟಾದರೂ ಚಾಚಬಹುದು ಅನ್ನೋದೂ ಅದರಲ್ಲೇ ಇದೆಯಲ್ಲ! ನಮ್ಮ ಹೆಂಗಸರು ಎಷ್ಟೋ ಜನ ಆರಡಿ ಹಾಸಿಗೆಯ ಮೂಲೆಯಲ್ಲಿ ಮುದುಡಿಕೊಂಡೇ ಮಲಗಿದವರು. ಮನೆಗೆ ದೊಡ್ಡ ಟಿವಿ ಬಂದಾಗ ಯಾಕೆ ಬೇಕಿತ್ತು ಅಂತ ಯಾರೂ ಕೇಳಲ್ಲ. ಮಗನ ಬೈಕಿಗೆ ಕೇಳಲ್ಲ. ಅಮ್ಮನ ಸೀರೆಗೆ ಮಾತ್ರ ಆ ಪ್ರಶ್ನೆ ಬರುತ್ತದೆ. ನಿಮ್ಮ ಮನೆಯವರು ಕೆಟ್ಟವರು ಅಂತ ಹೇಳುತ್ತಿಲ್ಲ. ನೀವು ಇಷ್ಟು ವರ್ಷ ನಿಮಗೆ ಅಂತ ಏನೂ ಕೇಳದೆ ಅವರಿಗೆ ಹಾಗೇ ರೂಢಿಯಾಗಿರಬೇಕು.

ಈಗ ಆ ಸೀರೆಯ ಮಾತು. ಕೆಲವು ವರ್ಷಗಳ ಹಿಂದೆ ಧಾರವಾಡದಲ್ಲಿ ಕಸೂತಿ ಹಾಕುವ ಒಬ್ಬರ ಮನೆಗೆ ಹೋಗಿದ್ದೆ. ಸಣ್ಣ ಪಡಸಾಲೆ, ಕಿಟಕಿ ಪಕ್ಕ ಚಾಪೆ, ಮಡಿಲಲ್ಲಿ ಕಪ್ಪು ಸೀರೆ. ಕಸೂತಿಗೆ ಬಟ್ಟೆಯ ಮೇಲೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದುಕೊಳ್ಳುವುದಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿ ಎಣಿಸಿ ಸೂಜಿ ಚುಚ್ಚಬೇಕು. ಒಂದು ಎಳೆ ತಪ್ಪಿದರೆ ಹಾಕುತ್ತಿರುವ ಗೋಪುರದ ಚಿತ್ರ ವಾಲುತ್ತದೆ, ಬಿಚ್ಚಿ ಮತ್ತೆ ಹಾಕಬೇಕು. ಬೇರೆ ಬಣ್ಣದ ಮೇಲಾದರೆ ಪರವಾಗಿಲ್ಲ, ಕಪ್ಪಿನ ಮೇಲೆ ಎಳೆ ಕಾಣುವುದೇ ಕಷ್ಟ. ಅದಕ್ಕೇ ಅವರು ಚಂದ್ರಕಾಳಿಯನ್ನು ಹಗಲು ಹೊತ್ತಿನಲ್ಲಿ ಮಾತ್ರ ಕೈಗೆ ತಗೊಳ್ಳುತ್ತಿದ್ದರು. ಮೋಡ ಕವಿದರೆ ಮಡಚಿ ಇಡುತ್ತಿದ್ದರು.

ಸೆರಗಿನ ಒಂದು ತುದಿ ಹಿಡಿದು ಅವರು ನನಗೆ ಪರೀಕ್ಷೆ ಕೊಟ್ಟರು. "ಯಾವ್ದು ಮ್ಯಾಲಿಂದು, ಯಾವ್ದು ಒಳಗಿಂದು, ಹೇಳ್ರಿ ನೋಡೂಣು." ಎರಡೂ ಕಡೆ ಅದೇ ತುಳಸಿಕಟ್ಟೆ, ಅದೇ ನವಿಲು, ಅದೇ ಅಂಬಾರಿ ಆನೆ. ನಾನು ತಪ್ಪು ಹೇಳಿದೆ. ಗವಂತಿ ಹೊಲಿಗೆಯಲ್ಲಿ ಸೂಜಿ ಒಂದು ಸಲ ಬಿಟ್ಟು ಬಿಟ್ಟು ಹೋಗುತ್ತದೆ, ವಾಪಸು ಬರುವಾಗ ಬಿಟ್ಟ ಜಾಗ ತುಂಬಿಕೊಂಡು ಬರುತ್ತದೆ. ಮುರಿಗಿಯೂ ಅದೇ ಥರ, ಮೆಟ್ಟಿಲು ಮೆಟ್ಟಿಲಾಗಿ. ಹಾಗಾಗಿ ಈ ಎರಡರಲ್ಲಿ ಹಿಂದೆ ಮುಂದೆ ಒಂದೇ ಥರ ಕಾಣುತ್ತದೆ. ಎಲ್ಲೂ ಗಂಟು ಇಲ್ಲ. ನೇಗಿ ಮತ್ತು ಮೆಂತಿ ಹೊಲಿಗೆಗಳು ಬೇರೆ, ಅವುಗಳ ಹಿಂಬದಿ ಬೇರೆಯೇ ಕಾಣುತ್ತದೆ. ಆ ಒಂದು ಸೀರೆಗೆ ಅವರು ಆಗಲೇ ಎರಡು ತಿಂಗಳು ಕೂತಿದ್ದರು, ಇನ್ನೂ ಸೆರಗಿನ ಕೊನೆಯ ಸಾಲು ಬಾಕಿ ಇತ್ತು. ಎರಡು ತಿಂಗಳ ಹಗಲು, ಅಕ್ಕೋರೇ. ಕೂಲಿ ಲೆಕ್ಕ ಹಾಕಿ ನೋಡಿ.

ಅದರ ಕೆಳಗಿನ ಸೀರೆಗೆ ಇನ್ನೊಬ್ಬರ ಕೈ ಬಿದ್ದಿರುತ್ತದೆ. ಇಳಕಲ್ಲಿನಲ್ಲಿ ಸೀರೆಯ ಮೈಗೆ ಬೇರೆ ಹಾಸು (ಮಗ್ಗದ ಉದ್ದಕ್ಕೆ ಬಿಗಿಯುವ ಎಳೆಗಳು), ಸೆರಗಿಗೆ ಬೇರೆ ಹಾಸು. ಎರಡನ್ನೂ ಮಗ್ಗದ ಮೇಲೆ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತಾರೆ. ಒಂದೊಂದು ಸೀರೆಗೂ ಆ ಕೆಲಸ ಹೊಸದಾಗಿ ಮಾಡಬೇಕು. ನಿಮ್ಮ ಸೀರೆಯ ಕಪ್ಪು ಮುಗಿದು ಕೆಂಪು ಸೆರಗು ಶುರುವಾಗುವ ಜಾಗದಲ್ಲಿ ಬೆರಳಾಡಿಸಿ ನೋಡಿ, ಆ ಜೋಡಣೆ ಕೈಗೆ ಸಿಗುತ್ತದೆ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ನೀವು ಅದಕ್ಕೆ ನಾಲ್ಕು ಸಾವಿರ ಅಂದಿದ್ದೀರಿ. ನಿಮಗೆ ಅದು ಮನೆಯ ಶಾಂತಿಗೆ ಹೇಳಿದ ಸಣ್ಣ ಸುಳ್ಳು. ಆದರೆ ನಿಮ್ಮ ಸೊಸೆ ಅದನ್ನು ನಂಬುತ್ತಾಳೆ. ಅವಳ ತಂಗಿ ಕೇಳಿದಾಗ "ನಮ್ಮತ್ತೆ ನಾಲ್ಕು ಸಾವಿರಕ್ಕೆ ತಂದಿದ್ದಾರೆ" ಅಂತಾಳೆ. ಆ ತಂಗಿ ಧಾರವಾಡಕ್ಕೆ ಹೋಗಿ ಅಂಥದ್ದೇ ಸೀರೆ ನಾಲ್ಕು ಸಾವಿರಕ್ಕೆ ಕೇಳುತ್ತಾಳೆ, ಕೊಡದಿದ್ದರೆ ಮೋಸ ಅಂತಾಳೆ, ಕೊನೆಗೆ ಮಷೀನಿನಲ್ಲಿ ಹಾಕಿದ ಕಸೂತಿ ಕೊಂಡು ಬರುತ್ತಾಳೆ. ಮಷೀನಿನದ್ದು ಕೆಟ್ಟದ್ದು ಅಂತಲ್ಲ, ಅದಕ್ಕೆ ಅದರ ಬೆಲೆ ಇದೆ. ತಿರುಗಿಸಿ ನೋಡಿದರೆ ಹಿಂದೆ ದಾರ ಗೋಜಲಾಗಿರುತ್ತದೆ, ಗೊತ್ತಾಗುತ್ತದೆ. ಆದರೆ ಕೈಕಸೂತಿಯ ನಿಜವಾದ ಬೆಲೆ ಏನು ಅಂತ ಯಾರ ಬಾಯಲ್ಲೂ ಬರದಿದ್ದರೆ ಕಿಟಕಿ ಪಕ್ಕ ಕೂತ ಆ ಹೆಂಗಸಿಗೆ ನಾಳೆ ಕೆಲಸ ಕೊಡುವವರು ಯಾರು? ನೀವು ಬಚ್ಚಿಟ್ಟ 14,500 ರೂಪಾಯಿ ಅವರ ಶ್ರಮ. ದಯವಿಟ್ಟು ಅದನ್ನು ಗಟ್ಟಿಯಾಗಿ ಹೇಳಿ.

ನೀವು ಏನಾದರೂ ಕೊಂಡಿದ್ದೀರಾ ಅಂತ ಕೇಳಿದ್ದೀರಿ. ಹೌದು, ಕೊಂಡಿದ್ದೇನೆ. ಸರಿ ಹೋದದ್ದೂ ಇದೆ, ತಪ್ಪಿದ್ದೂ ಇದೆ.

ತಪ್ಪಿದ್ದು ಮೊದಲು. ಗೃಹಪ್ರವೇಶದ ಹೊತ್ತಿಗೆ 85,000 ಕೊಟ್ಟು ಒಂದು ಸೋಫಾ ಸೆಟ್ ತಂದೆವು. ನಮಗೆ ಬೇಕಿತ್ತು ಅಂತಲ್ಲ, ಬರುವವರು ನೋಡುತ್ತಾರೆ ಅಂತ. ಬಂದವರು ನೋಡಿದರು, ಹೋದರು. ಆಮೇಲೆ ಕೊಳೆಯಾಗುತ್ತದೆ ಅಂತ ಅದರ ಮೇಲೆ ಹಳೆ ಬೆಡ್‌ಶೀಟ್ ಹಾಸಿದೆ. ನಾಲ್ಕು ವರ್ಷ ಆ ಬೆಡ್‌ಶೀಟ್ ಮೇಲೇ ಕೂತೆವು. ಐದನೇ ವರ್ಷ ತೆಗೆದು ನೋಡಿದರೆ ರೆಕ್ಸಿನ್ ಒಳಗೊಳಗೇ ಸಿಪ್ಪೆ ಏಳುತ್ತಿತ್ತು. ಅದರ ಸುಖ ನಮಗೂ ಸಿಗಲಿಲ್ಲ, ಬಂದವರಿಗೂ ಸಿಗಲಿಲ್ಲ. ಆ ದುಡ್ಡು ಇವತ್ತಿಗೂ ನೋಯಿಸುತ್ತದೆ.

ಸರಿ ಹೋದದ್ದು ಕಾಫಿ. ನಮ್ಮ ಮನೆಯಲ್ಲಿ ಇಬ್ಬರು, ಹತ್ತು ದಿನಕ್ಕೆ ಕಾಲು ಕೆ.ಜಿ. ಪುಡಿ. ಮುಂಚೆ ಸಿಕ್ಕಿದ ಪ್ಯಾಕೆಟ್ ತರುತ್ತಿದ್ದೆ. ಒಂದು ಸಲ ಪ್ಯಾಕೆಟ್ಟಿನ ಹಿಂದೆ ಓದಿದೆ, ಕಾಫಿ ಶೇಕಡಾ 53, ಚಿಕೋರಿ ಶೇಕಡಾ 47 ಅಂತ ಇತ್ತು. ನಮ್ಮ ಕಾನೂನಿನ ಪ್ರಕಾರ ಶೇಕಡಾ 49ರವರೆಗೆ ಚಿಕೋರಿ ಬೆರೆಸಬಹುದು, ಎಷ್ಟು ಅಂತ ಅಚ್ಚು ಹಾಕಬೇಕು ಅಷ್ಟೇ. ಇಷ್ಟು ವರ್ಷ ಲೋಟದ ಅರ್ಧ ನಾನು ಚಿಕೋರಿ ಬೇರು ಕುಡಿಯುತ್ತಿದ್ದೆ! ಆವತ್ತಿನಿಂದ ಎದುರಿಗೇ ಹುರಿದು ಪುಡಿ ಮಾಡಿಕೊಡುವ ಅಂಗಡಿಗೆ ಹೋಗುತ್ತೇನೆ. ಅರ್ಧ ಪ್ಲಾಂಟೇಶನ್ (ತೊಳೆದು ಒಣಗಿಸಿದ ಅರೇಬಿಕಾ ಬೀಜ), ಅರ್ಧ ಪೀಬರಿ, ಚಿಕೋರಿ ಬೇಡ. ಪೀಬರಿ ಅಂದರೆ ಗೊತ್ತಲ್ಲ? ಕಾಫಿ ಹಣ್ಣಿನಲ್ಲಿ ಸಾಮಾನ್ಯವಾಗಿ ಎರಡು ಬೀಜ ಬೆನ್ನಿಗೆ ಬೆನ್ನು ಕೊಟ್ಟ ಹಾಗೆ ಇರುತ್ತವೆ, ಅದಕ್ಕೇ ಒಂದು ಕಡೆ ಚಪ್ಪಟೆ. ಕೆಲವು ಹಣ್ಣಿನಲ್ಲಿ ಒಂದೇ ಬೀಜ ದುಂಡಗೆ ಬೆಳೆಯುತ್ತದೆ, ಅದು ಪೀಬರಿ. ಪುಡಿಯ ಪೊಟ್ಟಣ ಬಿಸಿ ಬಿಸಿ ಇರುತ್ತದೆ, ಬಸ್ಸಿನಲ್ಲಿ ಪಕ್ಕದವರು ತಿರುಗಿ ನೋಡುತ್ತಾರೆ. ಕಾಫಿ ರೇಟು ಎಷ್ಟು ಏರಿದೆ ನಿಮಗೂ ಗೊತ್ತು. ಆದರೂ ಹಳೆ ಪುಡಿಗೂ ಇದಕ್ಕೂ ನನಗೆ ಬೀಳುವ ವ್ಯತ್ಯಾಸ ದಿನಕ್ಕೆ ಒಂಬತ್ತೋ ಹತ್ತೋ ರೂಪಾಯಿ. ಬೆಳಗ್ಗೆ ಐದೂಮುಕ್ಕಾಲಿಗೆ ಡಿಕಾಕ್ಷನ್ ಇಳಿಯುವ ಹೊತ್ತು ಮನೆಯಲ್ಲಿ ನಾನೊಬ್ಬಳೇ ಎದ್ದಿರುತ್ತೇನೆ. ಆ ಅರ್ಧ ಗಂಟೆಯಲ್ಲಿ ಯಾರಿಗೂ ನಾನು ಏನೂ ಮಾಡಿಕೊಡಬೇಕಿಲ್ಲ. ಹತ್ತು ರೂಪಾಯಿಗೆ ಇದಕ್ಕಿಂತ ದೊಡ್ಡ ಸುಖ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ದಿನಾ ಬಳಸುವುದಕ್ಕೆ ಖರ್ಚು ಮಾಡಿದರೆ ಮಾತ್ರ ಸಾರ್ಥಕ ಅಂತ ನಾನು ತುಂಬ ದಿನ ಅಂದುಕೊಂಡಿದ್ದೆ. ಅದೂ ಪೂರ್ತಿ ನಿಜ ಅಲ್ಲ. ಎರಡು ವರ್ಷದ ಹಿಂದೆ ಮದುವೆ ಸೀಸನ್ನಿನಲ್ಲಿ ಉಡುಪಿಗೆ ಹೋಗಿದ್ದೆ. ಅಲ್ಲಿ ಶಂಕರಪುರದ ಮಲ್ಲಿಗೆಯನ್ನು ಮೊಳದಲ್ಲಿ ಮಾರುವುದಿಲ್ಲ. ಚೆಂಡು, ಅಟ್ಟೆ ಲೆಕ್ಕ. ನಾಲ್ಕು ಚೆಂಡಿಗೆ ಒಂದು ಅಟ್ಟೆ. ರೇಟು ದಿನಾ ಬದಲಾಗುತ್ತದೆ, ಮದುವೆ ದಿನಗಳಲ್ಲಿ ಅಟ್ಟೆಗೆ ಎರಡು ಸಾವಿರ ರೂಪಾಯಿ ಮುಟ್ಟುವುದೂ ಉಂಟು. ನಾನು ಒಂದು ಚೆಂಡು ಕೊಂಡೆ, 500 ರೂಪಾಯಿ. ಬಾಳೆಎಲೆಯಲ್ಲಿ ಸುತ್ತಿ ಬಾಳೆನಾರಿನಿಂದ ಕಟ್ಟಿಕೊಟ್ಟರು. ಯಾವ ಮದುವೆಯೂ ಇರಲಿಲ್ಲ, ಸುಮ್ನೆ. ಅರ್ಧ ನಾನು ಮುಡಿದೆ, ಅರ್ಧ ಜೊತೆಗಿದ್ದ ಗೆಳತಿ ಮುಡಿದಳು. ರಾತ್ರಿ ರೈಲಿನಲ್ಲಿ ಪೂರ್ತಿ ಬೋಗಿ ಮಲ್ಲಿಗೆ. ಬೆಳಗ್ಗೆ ಬಾಡಿತ್ತು. ಒಂದು ದಿನದ ಸುಖಕ್ಕೆ 500 ರೂಪಾಯಿ ಅಂತ ನನ್ನ ಗಂಡ ಲೆಕ್ಕ ಹೇಳಿದರು, ಲೆಕ್ಕವೂ ಸರಿಯೇ. ಆದರೆ 85,000ದ ಸೋಫಾದ ಒಂದು ದಿನವೂ ನೆನಪಿಲ್ಲ, ಆ ರಾತ್ರಿ ಪೂರ್ತಿ ನೆನಪಿದೆ.

ಒಂದು ಮಾತು ಹೇಳಲೇಬೇಕು, ಎಲ್ಲರಿಗೂ ಹೀಗೆ ಖರ್ಚು ಮಾಡಿ ಅಂತ ನಾನು ಹೇಳಲ್ಲ. ತಿಂಗಳ ಕೊನೆಗೆ ಗ್ಯಾಸ್ ಸಿಲಿಂಡರಿಗೆ ಯೋಚಿಸುವವರಿಗೆ ಈ ಉತ್ತರ ಅಲ್ಲ. ಕ್ರೆಡಿಟ್ ಕಾರ್ಡ್ ಉಜ್ಜಿ ಫೋನು ಕೊಳ್ಳುವವರಿಗಂತೂ ಖಂಡಿತ ಅಲ್ಲ, ಕಂತು ಮುಗಿಯುವ ಮುಂಚೆ ಆ ಫೋನು ಹಳೆಯದಾಗಿರುತ್ತದೆ.

ಇನ್ನು ಬೀರುವಿನ ವಿಷಯ. ನಮ್ಮಮ್ಮನ ಧಾರೆ ಸೀರೆ ಒಂದಿತ್ತು. ಅರಿಶಿನ ಬಣ್ಣ, ಗಿಣಿಹಸಿರು ಅಂಚು. ಅಮ್ಮ ಅದನ್ನು ಉಟ್ಟಿದ್ದು ಮೂರೇ ಸಲ. ಹಾಳಾಗುತ್ತದೆ ಅಂತ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟು, ಮೇಲೆ ನುಸಿಗುಳಿಗೆ ಹಾಕಿ, ಬೀರುವಿನ ಮೇಲಿನ ಅರೆಯಲ್ಲಿ ಇಟ್ಟಿದ್ದಳು. ಅಮ್ಮ ಹೋದ ಮೇಲೆ ನಾನೂ ಅಕ್ಕನೂ ಅದನ್ನು ತೆಗೆದೆವು. ನುಸಿಗುಳಿಗೆ ತಾಗಿದ ಕಡೆ ಜರಿ ಕಪ್ಪಾಗಿತ್ತು. ಅಕ್ಕ ಒಂದು ಮಡಿಕೆ ಬಿಚ್ಚಿದಳು. ಮಡಿಕೆಯ ಗೆರೆಯಲ್ಲೇ ಸೀರೆ ಸರ್ ಅಂತ ಸೀಳಿತು. ಎರಡನೇ ಮಡಿಕೆ ಬಿಚ್ಚಲು ಇಬ್ಬರಿಗೂ ಧೈರ್ಯ ಬರಲಿಲ್ಲ. ಹಾಗೇ ಮಡಚಿ ಇಟ್ಟೆವು, ಇವತ್ತಿಗೂ ಹಾಗೇ ಇದೆ. ಉಟ್ಟು ಉಟ್ಟು ಹರಿದಿದ್ದರೆ ಅದರಲ್ಲಿ ಅಮ್ಮನ ನೂರು ದಿನಗಳು ಇರುತ್ತಿದ್ದವು. ನಿಮ್ಮ ಪತ್ರದಲ್ಲಿ "ಏಳು ತಿಂಗಳು" ಅಂತ ಓದಿದಾಗ ನನಗೆ ಆ ಸರ್ ಅನ್ನೋ ಶಬ್ದವೇ ಕೇಳಿಸಿತು. ಇಷ್ಟು ಉದ್ದದ ಉತ್ತರ ಬರೆಯೋಕೂ ಅದೇ ಕಾರಣ.

ಹಾಗಾಗಿ ನಿಮ್ಮ ಸೀರೆಯೂ ಕವರಿನಲ್ಲಿದ್ದರೆ ಮೊದಲು ಅದರಿಂದ ತೆಗೆಯಿರಿ. ಹಳೆಯ ಮೆತ್ತನೆ ಪಂಚೆಯಲ್ಲಿ ಸುತ್ತಿಡಿ. ಎರಡು ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ನೆರಳಿನಲ್ಲಿ ಗಾಳಿಗೆ ಹರವಿ. ನುಸಿಗುಳಿಗೆ ಬಟ್ಟೆಗೆ ತಾಗುವುದು ಬೇಡ, ಒಂದಿಷ್ಟು ಲವಂಗವನ್ನು ಬಟ್ಟೆ ಚೀಲದಲ್ಲಿ ಕಟ್ಟಿ ಪಕ್ಕದಲ್ಲಿಟ್ಟರೆ ಸಾಕು. ಕಪ್ಪು ಬಣ್ಣ ಬಿಡಬಹುದು, ಬೇರೆ ಬಟ್ಟೆ ಜೊತೆ ನೆನೆಸಬೇಡಿ. ಇಸ್ತ್ರಿ ಮಾಡುವಾಗ ಕಸೂತಿಯ ಮೇಲೆ ಒಂದು ತೆಳು ಬಟ್ಟೆ ಹಾಕಿಕೊಳ್ಳಿ. ಎಲ್ಲಕ್ಕಿಂತ ಮುಖ್ಯ, ಉಡಿ. ಮದುವೆ ಮುಂಜಿಯೇ ಬರಲಿ ಅಂತ ಕಾಯಬೇಡಿ. ಒಂದು ಶುಕ್ರವಾರ ದೇವಸ್ಥಾನಕ್ಕೆ ಉಡಿ. ನೀವು ಕೆಲಸ ಮಾಡಿದ ಶಾಲೆಗೆ ಆಗಸ್ಟ್ 15ಕ್ಕೆ ಕರೆಯುತ್ತಾರಲ್ಲ, ಆವತ್ತು ಉಡಿ. ಮೊದಲನೇ ಸಾಲಿನಲ್ಲಿ ಕೂತ ಹುಡುಗಿಯರು ಆ ನವಿಲುಗಳನ್ನು ಎಣಿಸಲಿ.

ಕೊನೆಗೆ ಕುಬಸ. ಚಂದ್ರಕಾಳಿಗೆ ಗುಳೇದಗುಡ್ಡದ ಖಣವೇ, ಅಂದರೆ ಅಲ್ಲಿ ನೇಯುವ ಕುಬಸದ ಬಟ್ಟೆಯೇ ಸರಿ, ಬೇರೆ ಯೋಚನೆಯೇ ಬೇಡ. ಅದೂ ಬಾಗಲಕೋಟೆ ಜಿಲ್ಲೆಯದ್ದೇ, ಇಳಕಲ್ಲಿನ ಬಳಗ ಇದ್ದ ಹಾಗೆ. ಸೆರಗಿನ ಕೆಂಪನ್ನೇ ಹಿಡಿಯಿರಿ, ಅಂಚು ತೋಳಿಗೆ ಬರುವ ಹಾಗೆ ಹೊಲಿಸಿ. ಕೈಮಗ್ಗದ ಖಣ ಅಂತ ಕೇಳಿ ತಗೊಳ್ಳಿ, ಸ್ವಲ್ಪ ಜಾಸ್ತಿ ಆಗುತ್ತದೆ. ಮನೆಯಲ್ಲಿ ಎಷ್ಟಾಯಿತು ಅಂತ ಕೇಳಿದರೆ ಅದರ ಬೆಲೆಯನ್ನೂ ಸೀರೆಯ ಬೆಲೆಯನ್ನೂ ಒಟ್ಟಿಗೇ ಹೇಳಿಬಿಡಿ.